ಮೆಚ್ಚಿದ ಪಾತ್ರದಿಂದ ಒಂದು ರೂಢಿ ಕಲಿಯುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಒಳ್ಳೆಯ ಕಾದಂಬರಿ ಓದಿ ಮುಗಿಸಿದ ರಾತ್ರಿ "ನಾಳೆಯಿಂದ ನಾನೂ ಹೀಗೇ ಇರ್ತೀನಿ" ಅನ್ನಿಸುತ್ತದೆ. ನಾಲ್ಕನೇ ದಿನಕ್ಕೆ ಅದು ಮರೆತೂ ಹೋಗುತ್ತದೆ. ನನಗೆ ಛಲ ಸಾಲದು ಎಂದು ತಮ್ಮನ್ನೇ ಬೈದುಕೊಳ್ಳುವವರು ಬಹಳ ಜನ. ಆದರೆ ಬಹುಪಾಲು ಮಂದಿ ಎಡವುವುದು ಕೆಲಸದ ಕ್ರಮದಲ್ಲಿ. ಮೊದಲು ಪಾತ್ರವನ್ನು ಮೆಚ್ಚುತ್ತಾರೆ, ಆಮೇಲೆ ಅದರ ಇಡೀ ಸ್ವಭಾವವನ್ನೇ ಹೊತ್ತುಕೊಳ್ಳಲು ಹೊರಡುತ್ತಾರೆ, ತಮ್ಮ ಬದುಕಿನ ಯಾವ ತೊಡಕಿಗೆ ಅದು ಬೇಕಿತ್ತು ಎಂದು ಕೊನೆಗೆ ಯೋಚಿಸುತ್ತಾರೆ.

ಇದನ್ನು ತಿರುವುಮುರುವು ಮಾಡಬೇಕು. ಮೊದಲು ತೊಡಕು, ಆಮೇಲೆ ಪಾತ್ರ, ಆ ಪಾತ್ರದಲ್ಲೂ ಒಂದೇ ದೃಶ್ಯ, ಆ ದೃಶ್ಯದಲ್ಲೂ ಕೈಯಿಂದ ಮಾಡುವ ಒಂದೇ ಕೆಲಸ. ಮುಂದಿನ ಹಂತಗಳೆಲ್ಲ ಇದೇ ಕ್ರಮದಲ್ಲಿವೆ. ಒಂದನ್ನು ಹಾರಿಸಿ ಮುಂದಕ್ಕೆ ಹೋದರೆ ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ಅಲ್ಲಲ್ಲೇ ಹೇಳಿದೆ.

ಬೇಕಾದ ಸಾಮಾನು

ನೂರು ಪುಟದ ಒಂದು ನೋಟ್‌ಬುಕ್, ಒಂದು ಪೆನ್ನು, ಗೋಡೆಗೆ ತೂಗುಹಾಕುವ ದೊಡ್ಡ ಅಂಕಿಯ ಕ್ಯಾಲೆಂಡರ್, ಮತ್ತು ಆ ಪುಸ್ತಕ. ಪುಸ್ತಕ ಕೈಯಲ್ಲಿರಲೇಬೇಕು. ಎಂದೋ ಓದಿದ ನೆನಪಿನ ಮೇಲೆ, ಸಿನಿಮಾ ನೋಡಿದ್ದರ ಮೇಲೆ, ಯಾರೋ ಭಾಷಣದಲ್ಲಿ ಹೇಳಿದ್ದರ ಮೇಲೆ ಶುರುಮಾಡಬೇಡಿ. ಕೊಳ್ಳಲು ಆಗದಿದ್ದರೆ ಮೈಸೂರಿನ ನಗರ ಕೇಂದ್ರ ಗ್ರಂಥಾಲಯ, ಅದರ ಬಡಾವಣೆಯ ಶಾಖೆಗಳು, ಮಂಡ್ಯದ ಜಿಲ್ಲಾ ಗ್ರಂಥಾಲಯ, ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಕೇಳಿ. ಇಲ್ಲಿ ಹೆಸರಿಸಿರುವ ಕಾದಂಬರಿಗಳೆಲ್ಲ ಮತ್ತೆ ಮತ್ತೆ ಮುದ್ರಣವಾದವು, ಸಿಗುವುದು ಕಷ್ಟವಲ್ಲ.

ಮೊಬೈಲ್ ಆ್ಯಪ್ ಬೇಡ. ಲೆಕ್ಕ ಬರೆಯಲೆಂದು ಫೋನ್ ತೆಗೆದವರು ಅರ್ಧ ಗಂಟೆ ಬಿಟ್ಟು ಬೇರೆಲ್ಲೋ ಇರುತ್ತಾರೆ.

ಹಂತ 1: ತೊಡಕನ್ನು ಒಂದು ವಾಕ್ಯದಲ್ಲಿ ಬರೆಯುವುದು

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕಳೆದ ತಿಂಗಳಲ್ಲಿ ಮೂರು ಸಲಕ್ಕಿಂತ ಹೆಚ್ಚು ನಿಮ್ಮನ್ನು ಕಾಡಿದ ಒಂದು ಸಂಗತಿ ಬರೆಯಿರಿ. ಅದರಲ್ಲಿ ಜಾಗ, ಹೊತ್ತು, ನಡೆದದ್ದು ಮೂರೂ ಇರಬೇಕು.

"ನನಗೆ ಶಿಸ್ತಿಲ್ಲ" ಎಂದು ಬರೆದರೆ ಆ ಹಾಳೆ ಕೆಲಸಕ್ಕೆ ಬಾರದು. "ತಿಂಗಳ ಇಪ್ಪತ್ತನೇ ತಾರೀಖಿಗೆ ದುಡ್ಡು ಖಾಲಿ, ಎಲ್ಲಿಗೆ ಹೋಯಿತೋ ಗೊತ್ತಾಗುವುದಿಲ್ಲ" ಎಂದರೆ ಬರುತ್ತದೆ. "ಪೌತಿ ಖಾತೆಗೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಅರ್ಜಿ ಕೊಟ್ಟು ಬಂದೆ, ಆಮೇಲೆ ತಾಲ್ಲೂಕು ಕಚೇರಿ ಕಡೆ ತಲೆ ಹಾಕಿಲ್ಲ", "ಓದಿನ ಗರ್ವದಲ್ಲಿ ಗದ್ದೆಯ ಕೆಲಸ ಗೊತ್ತಿರುವವರನ್ನು ಕೇಳುವುದೇ ಇಲ್ಲ", "ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಹೋಗಿ ಬರುವ ಹೊತ್ತೆಲ್ಲ ಫೋನಿನಲ್ಲೇ ಕಳೆಯುತ್ತದೆ" ಇವೆಲ್ಲ ಸರಿಯಾದ ವಾಕ್ಯಗಳು.

ಒಂದೇ ತೊಡಕು. ಎರಡನೆಯದು ಹೊಳೆದರೆ ಕೊನೆಯ ಪುಟದಲ್ಲಿ ಬರೆದಿಡಿ, ಅದರ ಸರದಿ ಮುಂದೆ ಬರುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದವರು ಎರಡನ್ನೂ ಬಿಡುವುದೇ ಹೆಚ್ಚು.

ಹಂತ 2: ತೊಡಕಿಗೆ ತಕ್ಕ ಪಾತ್ರ

ಮೆಚ್ಚಿನ ಪಾತ್ರ ಬೇರೆ, ಕೆಲಸಕ್ಕೆ ಬರುವ ಪಾತ್ರ ಬೇರೆ. ಇಬ್ಬರೂ ಒಬ್ಬರೇ ಆಗಬೇಕೆಂದೇನೂ ಇಲ್ಲ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಓದಿದ ಹುಡುಗರಲ್ಲಿ ಹೂವಯ್ಯನನ್ನು ಮೆಚ್ಚದವರು ಕಡಿಮೆ. ಮೈಸೂರಿನಲ್ಲಿ ಓದಿ ಊರಿಗೆ ಮರಳುವ, ಆದರ್ಶಗಳನ್ನು ಎದೆಯಲ್ಲಿಟ್ಟುಕೊಂಡ ತರುಣ ಅವನು. ಆದರೆ ತಿಂಗಳ ಕೊನೆಗೆ ದುಡ್ಡು ಸಾಲದವರಿಗೆ ಅವನಿಂದ ಸಿಗುವುದು ಕಡಿಮೆ. ಅವರಿಗೆ ಬೇಕಾದವಳು ‘ಗೃಹಭಂಗ’ ಕಾದಂಬರಿಯ ನಂಜಮ್ಮ.

ಪಾತ್ರ ಆರಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಪಾತ್ರ ನನ್ನಂಥದೇ ತೊಡಕಿಗೆ ಸಿಕ್ಕಿಬೀಳುತ್ತದೆಯೇ? ಆಗ ಅದು ಏನಾದರೂ ಮಾಡುತ್ತದೆಯೇ, ಅಥವಾ ಬರೀ ಯೋಚಿಸುತ್ತದೆಯೇ? ಅದು ಮಾಡಿದ್ದನ್ನು ನನ್ನ ಊರಿನಲ್ಲಿ, ನನ್ನ ವರಮಾನದಲ್ಲಿ, ನನ್ನ ವಯಸ್ಸಿನಲ್ಲಿ ಚಿಕ್ಕದಾಗಿಯಾದರೂ ಮಾಡಬಹುದೇ? ಮೂರಕ್ಕೂ ಹೌದು ಬಂದರೆ ಮಾತ್ರ ಮುಂದಕ್ಕೆ.

ಮೈಸೂರು, ಮಂಡ್ಯ ಕಡೆಯ ಓದುಗರಿಗೆ ಹೆಚ್ಚಾಗಿ ಎದುರಾಗುವ ತೊಡಕುಗಳಿಗೆ ಒದಗುವ ಕೆಲವು ಪಾತ್ರಗಳು ಹೀಗಿವೆ.

ಮನೆಯ ಹಣಕಾಸು ಕೈತಪ್ಪಿದ್ದರೆ, ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ದ ನಂಜಮ್ಮ. ಗಂಡ ಚೆನ್ನಿಗರಾಯನ ಹೆಸರಿನಲ್ಲಿರುವ ಶಾನುಭೋಗಿಕೆಯ (ಊರಿನ ಕಂದಾಯದ ಲೆಕ್ಕ ಇಡುವ ಹುದ್ದೆಯ) ಲೆಕ್ಕವನ್ನು ಕಲಿತು ತಾನೇ ಬರೆಯುತ್ತಾಳೆ, ಮುತ್ತುಗದ ಎಲೆ ಹಚ್ಚಿ ಮಾರುತ್ತಾಳೆ. ಅವಳ ಬಲವೆಲ್ಲ ಇರುವುದು ಈ ಸಣ್ಣ, ದಿನನಿತ್ಯದ ಕೆಲಸಗಳಲ್ಲಿ.

ತಿಳಿದವರನ್ನು ಕೇಳಲು ಬಿಗುಮಾನವಾದರೆ, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’. ಊರವರು ಕೆಲಸಕ್ಕೆ ಬಾರದವನೆಂದು ತಳ್ಳಿದ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೋ ಒಬ್ಬ ಹುಟ್ಟು ನಿಸರ್ಗವೀಕ್ಷಕನನ್ನು ಕಾಣುತ್ತಾರೆ. ಜೇನಿನ ಬಗ್ಗೆ, ಹಾರುವ ಓತಿಯ ಬಗ್ಗೆ ಅವನ ಮಾತಿಗೆ ಕಿವಿಗೊಡುತ್ತಾರೆ.

ಹಿಡಿದದ್ದನ್ನು ಅರ್ಧಕ್ಕೆ ಬಿಡುವ ಚಾಳಿ ಇದ್ದರೆ, ದೇವನೂರ ಮಹಾದೇವ ಅವರ ‘ಒಡಲಾಳ’ದ ಸಾಕವ್ವ. ಕಳೆದುಹೋದ ಹುಂಜಕ್ಕಾಗಿ ಅವಳು ನಡೆಸುವ ಹುಡುಕಾಟ ಅಷ್ಟು ಸುಲಭಕ್ಕೆ ನಿಲ್ಲುವುದಿಲ್ಲ. ಮೈಸೂರು ಸೀಮೆಯವರಿಗೆ ಆ ಕಥೆಯ ಮಾತೂ ಹತ್ತಿರದ್ದು, ಓದುವಾಗ ಗಟ್ಟಿಯಾಗಿ ಓದಿಕೊಳ್ಳಿ.

ಜನ ಏನೆಂದುಕೊಳ್ಳುತ್ತಾರೋ ಎಂಬ ಅಳುಕಿಗೆ, ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಅವಳು ಗದ್ದಲ ಮಾಡದೆ, ಸರಿ ಕಂಡವರ ಪರ ನಿಲ್ಲುತ್ತಾಳೆ.

ಬಂದವರನ್ನು ಆದರಿಸುವುದು, ಗಿಡ ನೆಟ್ಟು ಕಾಯುವುದು ಬೇಕಿದ್ದರೆ, ಶಿವರಾಮ ಕಾರಂತರ ‘ಬೆಟ್ಟದ ಜೀವ’ದ ಗೋಪಾಲಯ್ಯ.

ಹಂತ 3: ಒಂದೇ ದೃಶ್ಯಕ್ಕೆ ಮರಳುವುದು

ಇಡೀ ಕಾದಂಬರಿ ಮತ್ತೆ ಓದಬೇಕಾಗಿಲ್ಲ. ನಿಮ್ಮ ತೊಡಕಿಗೆ ಹತ್ತಿರವಾದ ಎರಡು ಮೂರು ಪುಟ ಹುಡುಕಿ, ಅದನ್ನು ಎರಡು ಸಲ ಓದಿ. ಮೊದಲ ಸಲ ಸುಮ್ಮನೆ. ಎರಡನೇ ಸಲ ಪೆನ್ಸಿಲ್ ಹಿಡಿದು, ಪಾತ್ರ ಕೈಯಿಂದ, ಕಾಲಿನಿಂದ, ಬಾಯಿಂದ ಮಾಡಿದ್ದರ ಕೆಳಗೆ ಗೆರೆ ಎಳೆಯುತ್ತಾ (ಗ್ರಂಥಾಲಯದ ಪುಸ್ತಕವಾದರೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ).

ಇಲ್ಲಿ ಬಹುತೇಕ ಎಲ್ಲರಿಗೂ ಒಂದು ಅಚ್ಚರಿ ಕಾದಿರುತ್ತದೆ. ಮನಸ್ಸಿನಲ್ಲಿದ್ದ ಪಾತ್ರಕ್ಕೂ ಪುಟದ ಮೇಲಿನ ಪಾತ್ರಕ್ಕೂ ವ್ಯತ್ಯಾಸ ಇರುತ್ತದೆ. ಒಮ್ಮೆ ಓದಿ ಹತ್ತು ವರ್ಷವಾಗಿದ್ದರಂತೂ ಅರ್ಧ ಪಾತ್ರವನ್ನು ನಾವೇ ಕಟ್ಟಿಕೊಂಡಿರುತ್ತೇವೆ. ಕಟ್ಟಿಕೊಂಡ ಪಾತ್ರ ಎಂದೂ ಸೋಲುವುದಿಲ್ಲ, ಎಂದೂ ದಣಿಯುವುದಿಲ್ಲ. ಅದರ ಬೆನ್ನು ಹತ್ತಿದವರು ವಾರದೊಳಗೆ ಸುಸ್ತಾಗುತ್ತಾರೆ.

ಹಂತ 4: ಗುಣ ಬಿಟ್ಟು ಕೆಲಸ ಹಿಡಿಯುವುದು

ಇಡೀ ಪ್ರಯತ್ನ ನಿಲ್ಲುವುದೂ ಬೀಳುವುದೂ ಈ ಹಂತದಲ್ಲಿ, ಆದ್ದರಿಂದ ಇದಕ್ಕೆ ಒಂದು ಸಂಜೆಯನ್ನೇ ಮೀಸಲಿಡಿ.

ಗೆರೆ ಎಳೆದ ಸಾಲುಗಳನ್ನು ನೋಡಿ, ಪುಟದ ಎಡಕ್ಕೆ ಪಾತ್ರದ ಗುಣಗಳನ್ನೂ ಬಲಕ್ಕೆ ಅದು ಮಾಡಿದ ಕೆಲಸಗಳನ್ನೂ ಬರೆಯಿರಿ. ನಂಜಮ್ಮನಾದರೆ ಎಡಕ್ಕೆ ಧೈರ್ಯ, ತಾಳ್ಮೆ, ಜಾಣತನ, ಸ್ವಾಭಿಮಾನ. ಬಲಕ್ಕೆ: ಗೊತ್ತಿರುವವರಿಂದ ಲೆಕ್ಕ ಕಲಿತಳು, ಬರೆದಳು, ಎಲೆ ಹಚ್ಚಿದಳು, ಮಾರಿದಳು. ಈಗ ಎಡಭಾಗದ ಮೇಲೆ ಉದ್ದಕ್ಕೆ ಒಂದು ಗೀಟು ಹಾಕಿ. ಅದು ನಿಮಗೆ ಬೇಡ. ನಾಳೆ ಬೆಳಗ್ಗೆ ಎದ್ದು "ಸ್ವಾಭಿಮಾನ" ಮಾಡಲು ಬರುವುದಿಲ್ಲ. ಲೆಕ್ಕ ಬರೆಯಲು ಬರುತ್ತದೆ.

ಮಂಡ್ಯದ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಕಲಿಸುವ ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತು ಮಾಡುವುದೂ ಇದನ್ನೇ. ದುರ್ಯೋಧನನ ಪಾತ್ರ ಕಟ್ಟಿದ ರೈತನಿಗೆ ಛಲದ ಬಗ್ಗೆ ಪಾಠ ಹೇಳುವುದಿಲ್ಲ. ಪ್ರವೇಶದ ಒಂದು ಪದ್ಯ, ಎಷ್ಟನೇ ಹೆಜ್ಜೆಗೆ ನಿಲ್ಲಬೇಕು, ಗದೆ ಯಾವ ಹೆಗಲಿಗೆ, ಇಷ್ಟನ್ನು ಮಾಡಿಸುತ್ತಾರೆ. ಅದು ಕೂತ ಮೇಲೆ ಮುಂದಿನ ಪದ್ಯ.

ಬಲಭಾಗದ ಕೆಲಸಗಳಲ್ಲಿ ಒಂದನ್ನು ಆರಿಸಿ. ಆರಿಸಿದ್ದು ಕಣ್ಣಿಗೆ ಕಾಣಬೇಕು. ಪಕ್ಕದಲ್ಲಿ ಕೂತವರು ನೋಡಿ "ಹೌದು, ಮಾಡಿದ" ಎನ್ನುವಂತಿರಬೇಕು. ಕರ್ವಾಲೋನಿಂದ "ವಿನಯ" ತೆಗೆದುಕೊಂಡರೆ ಯಾರಿಗೂ ಕಾಣದು. "ವಾರಕ್ಕೊಮ್ಮೆ ನಾಲೆಯ ನೀರುಗಂಟಿಯ (ಗದ್ದೆಗಳಿಗೆ ನೀರು ಬಿಡುವವನ) ಹತ್ತಿರ ನಿಂತು ಒಂದು ಪ್ರಶ್ನೆ ಕೇಳಿ, ಅವನು ಮುಗಿಸುವ ತನಕ ಬಾಯಿ ತೆರೆಯದೆ ಕೇಳುವುದು" ಎಂದರೆ ಕಾಣುತ್ತದೆ. ಕೃಷಿ ಪದವಿ ಮುಗಿಸಿ ಪಾಂಡವಪುರದ ಕಡೆ ಗದ್ದೆಗೆ ಮರಳಿದ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಮೊದಲ ರೂಢಿ ಇಲ್ಲ. ಯಾವ ತೂಬಿನಿಂದ ಯಾವ ಗದ್ದೆಗೆ ನೀರು ಎಷ್ಟು ಹೊತ್ತಿಗೆ ಮುಟ್ಟುತ್ತದೆ, ಕೊನೆ ಭಾಗದ ಜಮೀನಿಗೆ ಯಾಕೆ ಬರುವುದಿಲ್ಲ ಎಂಬುದು ಪುಸ್ತಕದಲ್ಲಿ ಸಿಗುವ ವಿಷಯವಲ್ಲ.

ಸಾಮಾನ್ಯ ತಪ್ಪು: ಪಾತ್ರದ ವೇಷ ಹಿಡಿಯುವುದು. ಕರ್ವಾಲೋ ಓದಿ ಕ್ಯಾಮೆರಾ, ದುರ್ಬೀನು ಕೊಳ್ಳುವುದು, ಹೂವಯ್ಯನನ್ನು ಮೆಚ್ಚಿ ಜುಬ್ಬ ಹೊಲಿಸುವುದು. ಕೊಂಡ ಸಾಮಾನು ಮೂಲೆಗೆ ಬೀಳುತ್ತದೆ, ದುಡ್ಡು ಹೋಗುತ್ತದೆ. ಮೊದಲ ಎರಡು ತಿಂಗಳು ಮೇಲೆ ಹೇಳಿದ ಸಾಮಾನಿನ ಹೊರತು ಏನನ್ನೂ ಕೊಳ್ಳಬೇಡಿ.

ಹಂತ 5: ಆ ಪಾತ್ರ ತೆತ್ತ ಬೆಲೆ ನೋಡುವುದು

ಈ ಹಂತವನ್ನು ಹಾರಿಸುವವರೇ ಹೆಚ್ಚು. ಹಾರಿಸಿದರೆ ಆಗುವ ಕೇಡು ತಡವಾಗಿ ಕಾಣುತ್ತದೆ, ಅದೂ ಮನೆಯವರ ಮುಖದ ಮೇಲೆ.

ಭೈರಪ್ಪನವರ ‘ವಂಶವೃಕ್ಷ’ ನಡೆಯುವುದು ಮೈಸೂರು, ನಂಜನಗೂಡುಗಳಲ್ಲಿ. ಅದರ ಸದಾಶಿವರಾವ್ ಹಗಲಿರುಳು ಭಾರತದ ಸಾಂಸ್ಕೃತಿಕ ಇತಿಹಾಸ ಬರೆಯುವ ಪ್ರಾಧ್ಯಾಪಕರು. ಪಿಎಚ್‌.ಡಿ. ಮಾಡುವವರು, ಕೆಎಎಸ್ ಪರೀಕ್ಷೆಗೆ ಕೂರುವವರು ಅವರ ಏಕಾಗ್ರತೆಗೆ ಮಾರುಹೋಗುತ್ತಾರೆ. ಮಾರುಹೋಗುವಂಥದ್ದೇ. ಆದರೆ ಅದೇ ಪುಟಗಳನ್ನು ಅವರ ಹೆಂಡತಿ ನಾಗಲಕ್ಷ್ಮಿಯ ಕಡೆಯಿಂದ ಓದಿ. ಅವರು ಕೆಲಸದಲ್ಲಿ ಜೊತೆಯಾದ ಕರುಣರತ್ನೆಯನ್ನು ಮದುವೆಯಾಗುತ್ತಾರೆ, ನಾಗಲಕ್ಷ್ಮಿ ತನ್ನ ಮನೆಯಲ್ಲೇ ಒಂಟಿಯಾಗುತ್ತಾಳೆ. ಆ ಉದ್ಗ್ರಂಥದ ಬೆಲೆಯಲ್ಲಿ ದೊಡ್ಡ ಪಾಲು ಕೊಟ್ಟವಳು ಅವಳು, ಕೊಡುತ್ತೀಯಾ ಎಂದು ಯಾರೂ ಅವಳನ್ನು ಕೇಳಲಿಲ್ಲ.

ಮಾಡಬೇಕಾದ್ದು ಇಷ್ಟು. ನೀವು ಆರಿಸಿದ ದೃಶ್ಯವನ್ನು ಅದರಲ್ಲಿರುವ ಇನ್ನೊಂದು ಪಾತ್ರದ ಕಣ್ಣಿನಿಂದ ಒಮ್ಮೆ ಓದಿ. ಬಳಿಕ ನೋಟ್‌ಬುಕ್ಕಿನಲ್ಲಿ ಮೂರು ಸಾಲು: ಈ ಕೆಲಸಕ್ಕೆ ಪಾತ್ರ ಏನು ಕಳೆದುಕೊಂಡಿತು, ಅದರ ಸುತ್ತಲಿನವರು ಏನು ಕಳೆದುಕೊಂಡರು, ನನ್ನ ಮನೆಯಲ್ಲಿ ಆ ಜಾಗದಲ್ಲಿ ಯಾರಿದ್ದಾರೆ. ಮೂರನೇ ಸಾಲಿನಲ್ಲಿ ಹೆಸರು ಬಂದರೆ ಕೆಲಸಕ್ಕೆ ಒಂದು ಬೇಲಿ ಹಾಕಿ. ಓದಿನ ರೂಢಿಯಾದರೆ "ರಾತ್ರಿ ಊಟದ ಹೊತ್ತಿಗೆ ಪುಸ್ತಕ ಮುಚ್ಚಿರುತ್ತೇನೆ" ಎಂಬಂಥ ಒಂದು ಗಟ್ಟಿ ಗಡಿ. ಆ ಗಡಿಯನ್ನು ಆ ವ್ಯಕ್ತಿಗೆ ಬಾಯಿಬಿಟ್ಟು ಹೇಳಿ, ಮೀರಿದಾಗ ಅವರು ನೆನಪಿಸುತ್ತಾರೆ.

ಕರ್ಣನನ್ನು ಮೆಚ್ಚುವವರಿಗೆ ಈ ಹಂತ ಕಡ್ಡಾಯ. ಕೇಳಿದವರಿಗೆಲ್ಲ ಕೈಸಾಲ, ಸ್ನೇಹಕ್ಕೆ ಕಟ್ಟುಬಿದ್ದು ಬ್ಯಾಂಕಿನಲ್ಲಿ ಜಾಮೀನು ಹಾಕಿ ಮನೆಯವರನ್ನು ಕಷ್ಟಕ್ಕೆ ತಳ್ಳಿದವರು ನಮ್ಮ ಕಡೆ ಕಡಿಮೆಯಿಲ್ಲ. ಕವಚ ಕೊಟ್ಟದ್ದು ಕರ್ಣ ತನ್ನ ಮೈಯಿಂದ, ಹೆಂಡತಿ ಮಕ್ಕಳ ಮೈಯಿಂದ ಅಲ್ಲ. ದಾನ ಕಲಿಯಬೇಕೆಂದರೆ ತಿಂಗಳಿಗೆ ಇಂತಿಷ್ಟು ಎಂದು ಒಂದು ಮೊತ್ತ ಗೊತ್ತುಮಾಡಿ, ಅದು ಮುಗಿದ ಮೇಲೆ ಮುಂದಿನ ತಿಂಗಳು ಎನ್ನಿ.

ಗೋಪಾಲಯ್ಯನ ಆದರಾತಿಥ್ಯದ ಹಿಂದೆಯೂ ಮನೆ ಬಿಟ್ಟು ಹೋದ ಮಗನ ಕೊರಗಿದೆ. ದುಡಿಮೆ, ಆತಿಥ್ಯ ಎರಡೂ ಆ ಕೊರಗನ್ನು ಮುಚ್ಚಲಾರವು. ಅವನ ಹಾಗೆ ಕೆಲಸದಲ್ಲಿ ಮುಳುಗಿ ದುಃಖ ಮರೆಯುತ್ತೇನೆ ಎನ್ನುವವರು ಇದನ್ನು ಗಮನಿಸಬೇಕು.

ಹಂತ 6: ಗಾತ್ರ ಇಳಿಸಿ, ಗೂಟಕ್ಕೆ ಕಟ್ಟುವುದು

ಆರಿಸಿದ ಕೆಲಸ ಹತ್ತು ನಿಮಿಷದೊಳಗೆ ಮುಗಿಯಬೇಕು. ಜ್ವರ ಬಂದ ದಿನವೂ, ಮನೆಗೆ ನೆಂಟರು ಬಂದ ದಿನವೂ ಮಾಡಲು ಆಗುವಷ್ಟು ಚಿಕ್ಕದಿರಬೇಕು. ಮೊದಲ ವಾರದ ಹುರುಪಿನಲ್ಲಿ ಇದು ಬಹಳ ಕಡಿಮೆ ಅನ್ನಿಸುತ್ತದೆ. ಅನ್ನಿಸಲಿ.

ಗೂಟವೆಂದರೆ ದಿನವೂ ತಪ್ಪದೆ ನಡೆಯುವ ಒಂದು ಕೆಲಸ. ಹೊಸ ರೂಢಿಯನ್ನು ಅದರ ಬೆನ್ನಿಗೇ ಕಟ್ಟಬೇಕು. "ಸಂಜೆ ಬರೆಯುತ್ತೇನೆ" ಎಂದರೆ ಸಂಜೆಯೆಂಬುದು ನಾಲ್ಕು ಗಂಟೆ ಉದ್ದವಿದೆ, ಅದರಲ್ಲಿ ಕೆಲಸ ಕಳೆದುಹೋಗುತ್ತದೆ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ಅವರ ಸಂಶೋಧನೆಗಳು ತೋರಿಸಿದ್ದೂ ಇದನ್ನೇ: ಬರೀ ಗುರಿ ಇಟ್ಟುಕೊಂಡವರಿಗಿಂತ ‘ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ’ ಎಂದು ಮೊದಲೇ ಗೊತ್ತುಮಾಡಿಕೊಂಡವರು ಹೆಚ್ಚಾಗಿ ಮಾಡಿ ಮುಗಿಸುತ್ತಾರೆ.

ಹಾಲು ಕರೆಯುವ ಮನೆಯೊಂದರಲ್ಲಿ ನಂಜಮ್ಮನ ರೂಢಿ ಹೇಗೆ ಕೂರುತ್ತದೆ ನೋಡಿ. ವಾಕ್ಯ: "ಸಂಜೆ ಡೇರಿಗೆ ಹಾಲು ಹಾಕಿ ಬಂದು, ಕ್ಯಾನ್ ತೊಳೆದು ಕವುಚಿದ ತಕ್ಷಣ, ಅಡುಗೆಮನೆ ಬಾಗಿಲ ಪಕ್ಕ ಕೂತು ಇವತ್ತಿನ ಲೆಕ್ಕ ಬರೆಯುತ್ತೇನೆ." ನೋಟ್‌ಬುಕ್ಕಿಗೆ ಒಂದು ದಾರ ಪೋಣಿಸಿ ಅದೇ ಬಾಗಿಲ ಮೊಳೆಗೆ ನೇತುಹಾಕಿ, ಪೆನ್ನನ್ನು ಅದೇ ದಾರಕ್ಕೆ ಕಟ್ಟಿ. ಪೆನ್ನು ಹುಡುಕಲು ಎದ್ದರೆ ಆ ದಿನದ ಲೆಕ್ಕ ಹೋಯಿತು ಎಂದೇ ತಿಳಿಯಿರಿ.

ಪುಟದಲ್ಲಿ ನಾಲ್ಕು ಕಲಂ: ತಾರೀಖು, ಬಂದದ್ದು, ಹೋದದ್ದು, ಯಾಕೆ. ಡೇರಿಯ ಬಟವಾಡೆ, ತರಕಾರಿ ಮಾರಿದ್ದು ‘ಬಂದದ್ದು’ ಕಲಂಗೆ. ಬೂಸಾ, ಹಿಂಡಿ, ಸಂಘದ ಕಂತು, ಚೀಟಿ, ಮಕ್ಕಳ ಬಸ್ ಪಾಸು, ಸಂತೆಯ ಖರ್ಚು ‘ಹೋದದ್ದು’ ಕಲಂಗೆ. ಹತ್ತು ರೂಪಾಯಿಗಿಂತ ಕಡಿಮೆಯದನ್ನು ಬಿಡಿ. ದಿನವೂ ಕೂಡಬೇಡಿ, ಭಾನುವಾರ ಒಂದೇ ಸಲ ಕೂಡಿ. ದಿನವೂ ತಾಳೆ ಹಾಕಲು ಹೋದವರು ಮೂವತ್ತು ರೂಪಾಯಿ ಕಡಿಮೆ ಬಂತೆಂದು ಒಂದು ಗಂಟೆ ತಲೆ ಕೆಡಿಸಿಕೊಂಡು, ಮರುದಿನ ಪುಸ್ತಕವನ್ನೇ ಮುಟ್ಟುವುದಿಲ್ಲ. ತಾಳೆ ಆಗದಿದ್ದರೆ "ಗೊತ್ತಿಲ್ಲ" ಎಂದು ಒಂದು ಸಾಲು ಬರೆದು ಮುಂದಕ್ಕೆ ಹೋಗಿ. ನಾಲ್ಕನೇ ಭಾನುವಾರದ ಹೊತ್ತಿಗೆ ‘ಗೊತ್ತಿಲ್ಲ’ದ ಮೊತ್ತ ತಾನಾಗಿ ಇಳಿಯುತ್ತಾ ಬರುತ್ತದೆ, ಯಾಕೆಂದರೆ ಕೈಯಿಂದ ದುಡ್ಡು ಹೋಗುವಾಗಲೇ ‘ಇದನ್ನು ಸಂಜೆ ಬರೆಯಬೇಕು’ ಎಂಬುದು ತಲೆಗೆ ಬರತೊಡಗುತ್ತದೆ.

ಉಳಿದ ತೊಡಕುಗಳಿಗೂ ಗೂಟ ಹೀಗೆಯೇ. ಮಂಡ್ಯ–ಮೈಸೂರು ರೈಲಿನವರಿಗೆ: ಗಾಡಿ ಹೊರಟ ತಕ್ಷಣ ಪುಸ್ತಕ ತೆರೆಯುವುದು, ಶ್ರೀರಂಗಪಟ್ಟಣ ಬರುವ ತನಕ ಫೋನ್ ಚೀಲದೊಳಗೆ. ಕುಕ್ಕರಹಳ್ಳಿ ಕೆರೆ ಸುತ್ತುವವರು ಮಂದಣ್ಣನ ಕಣ್ಣು ಬೇಕೆಂದರೆ: ಏರಿಯ ಮೇಲೆ ಒಂದೇ ಜಾಗ ಗೊತ್ತುಮಾಡಿ, ದಿನವೂ ಅಲ್ಲಿ ಐದು ನಿಮಿಷ ನಿಂತು, ಕಂಡ ಒಂದು ಹಕ್ಕಿ ಅಥವಾ ಹುಳು ಏನು ಮಾಡುತ್ತಿತ್ತು ಎಂದು ಮನೆಗೆ ಬಂದು ಒಂದು ಸಾಲು ಬರೆಯುವುದು. ಹಕ್ಕಿಯ ಹೆಸರು ಗೊತ್ತಿರಬೇಕೆಂದಿಲ್ಲ. ಸಾಕವ್ವನ ಹಟ ಬೇಕಾದವರು ಪ್ರತಿ ಮಂಗಳವಾರ ಬೆಳಗ್ಗೆ ತಾಲ್ಲೂಕು ಕಚೇರಿಗೆ ಹೋಗಿ, ಅರ್ಜಿಯ ಸಂಖ್ಯೆ ತೋರಿಸಿ, ಈಗ ಯಾರ ಮೇಜಿನ ಮೇಲಿದೆ ಎಂದು ಕೇಳಿ, ಉತ್ತರವನ್ನು ತಾರೀಖಿನ ಜೊತೆ ಬರೆದುಕೊಳ್ಳಬೇಕು. ಜಗಳ ಬೇಡ. ಆ ತಾರೀಖುಗಳ ಪಟ್ಟಿಯೇ ಮುಂದೆ ಮೇಲಿನವರಿಗೆ ಬರೆಯುವ ಅರ್ಜಿಯ ಜೀವಾಳ.

ಹಂತ 7: ಮೊದಲ ಎರಡು ವಾರ

ಮಾಡಿದ ದಿನ ಕ್ಯಾಲೆಂಡರಿನ ಅಂಕಿಯ ಮೇಲೆ ಒಂದು ಗೀಟು. ಮಾಡದ ದಿನ ಖಾಲಿ. ಇಷ್ಟೇ ದಾಖಲೆ.

21 ದಿನ ಮಾಡಿದರೆ ರೂಢಿಯಾಗುತ್ತದೆ ಎಂಬ ಮಾತನ್ನು ನಂಬಿ ಇಪ್ಪತ್ತೆರಡನೇ ದಿನ ಕೈಬಿಡುವವರು ಬಹಳ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಹೊಸ ರೂಢಿ ಯೋಚನೆಯಿಲ್ಲದೆ ನಡೆಯುವ ಮಟ್ಟಕ್ಕೆ ಬರಲು ಸುಮಾರು 66 ದಿನ ಬೇಕು. ವ್ಯಕ್ತಿಯಿಂದ ವ್ಯಕ್ತಿಗೆ, ಕೆಲಸದಿಂದ ಕೆಲಸಕ್ಕೆ ಅದು 18ರಿಂದ 254 ದಿನದವರೆಗೂ ಆಗಬಹುದು ಎಂಬುದು ಅವರ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ಹೇಳುವಂಥ ನಷ್ಟವಿಲ್ಲ ಎಂಬುದೂ ಅದರಲ್ಲಿ ಕಂಡುಬಂದಿದೆ. ಹಾಗಾಗಿ ಒಂದು ದಿನ ತಪ್ಪಿದರೆ ಮರುದಿನ ಎಂದಿನಷ್ಟೇ ಮಾಡಿ, ಬಾಕಿ ತೀರಿಸಲೆಂದು ಎರಡು ಪಟ್ಟು ಮಾಡಬೇಡಿ. ಎರಡು ದಿನ ಒಟ್ಟಿಗೆ ತಪ್ಪಿದರೆ ಮಾತ್ರ ಎಚ್ಚರ: ಗೂಟ ಸಡಿಲವಿದೆ. ಕೆಲಸ ಬದಲಿಸದೆ ಗೂಟ ಬದಲಿಸಿ ನೋಡಿ.

ಈ ಎರಡು ವಾರ ಸ್ಟೇಟಸ್ ಹಾಕಬೇಡಿ, ಊರಿಗೆಲ್ಲ ಹೇಳಬೇಡಿ. ಹೇಳಿಕೊಂಡಾಗ ಸಿಗುವ ಶಹಬ್ಬಾಸ್‌ಗಿರಿಯಲ್ಲೇ ಮಾಡಿದಷ್ಟು ತೃಪ್ತಿ ಸಿಕ್ಕಿಬಿಡುತ್ತದೆ. ಒಬ್ಬರಿಗೆ ಹೇಳಿದರೆ ಸಾಕು.

ಹಂತ 8: ಆರನೇ ವಾರದ ತಪಾಸಣೆ

ಆರನೇ ಭಾನುವಾರ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಹಿಂತಿರುಗಿ. ಅಲ್ಲಿ ಬರೆದ ತೊಡಕು ಎಷ್ಟು ಕರಗಿದೆ? ಪಾತ್ರದ ಹಾಗೆ ಆದೆನೇ ಎಂದು ಕೇಳಬೇಡಿ.

ಗೀಟುಗಳು ತುಂಬಿದ್ದು ತೊಡಕು ಹಾಗೇ ಇದ್ದರೆ, ತಪ್ಪು ನಾಲ್ಕನೇ ಹಂತದಲ್ಲಿದೆ, ಬೇರೆ ಕೆಲಸ ಆರಿಸಬೇಕು. ಗೀಟುಗಳೇ ಇಲ್ಲದಿದ್ದರೆ ಆರನೇ ಹಂತದಲ್ಲಿ, ಕೆಲಸ ದೊಡ್ಡದಾಯಿತು ಅಥವಾ ಗೂಟ ಕೊಳೆತದ್ದು. ಎರಡೂ ಸರಿಯಿದ್ದು ಮನೆಯಲ್ಲಿ ಕಿರಿಕಿರಿ ಹೆಚ್ಚಿದ್ದರೆ ಐದನೆಯದಕ್ಕೆ ಹೋಗಿ. ಇಂಥ ಹೊತ್ತಿನಲ್ಲಿ ಪಾತ್ರವನ್ನೇ ಬದಲಿಸುವುದು ಎಲ್ಲರೂ ಮಾಡುವ ತಪ್ಪು. ಪಾತ್ರ ಬದಲಾದರೆ ಮತ್ತೆ ಒಂದನೇ ದಿನದಿಂದ ಲೆಕ್ಕ.

‘ಕರ್ವಾಲೋ’ದ ಕೊನೆಯಲ್ಲಿ ಹಾರುವ ಓತಿ ಕೈಗೆ ಸಿಗುವುದಿಲ್ಲ, ಕಣಿವೆಯತ್ತ ತೇಲಿಹೋಗುತ್ತದೆ. ಕಾದಂಬರಿ ಅದನ್ನು ಸೋಲಾಗಿ ಹೇಳುವುದಿಲ್ಲ. ತಪಾಸಣೆಯ ದಿನ ಮನಸ್ಸು ಕುಗ್ಗಿದವರು ಆ ಕೊನೆಯ ಪುಟಗಳನ್ನು ಓದಿಕೊಳ್ಳಲಿ.

ಎಚ್ಚರಿಕೆಯ ಗುರುತುಗಳು

ಇವು ಕಂಡರೆ ಅಲ್ಲಿಗೇ ನಿಲ್ಲಿಸಬೇಕು, ಮುಂದಕ್ಕೆ ಹೋಗಬಾರದು.

ಬೇರೆಯವರನ್ನು ಪಾತ್ರದಿಂದ ಅಳೆಯತೊಡಗುವುದು. "ನಂಜಮ್ಮ ಅಷ್ಟೆಲ್ಲ ಸಹಿಸಿಕೊಂಡಳು, ನಿನಗೇನು ಬಂತು" ಎಂದು ಹೆಂಡತಿಗೋ ಸೊಸೆಗೋ ಹೇಳುವುದು ಆ ಕಾದಂಬರಿಯನ್ನು ತಲೆಕೆಳಗಾಗಿ ಓದಿದಂತೆ. ಅವಳು ಸಹಿಸಿದ್ದು ನಮಗೆ ಮಾದರಿಯಲ್ಲ, ಅವಳ ದುರಂತ ಅದು. ಹೊಡೆತ ಬಡಿತ ತಿನ್ನುತ್ತಿರುವವರು ಪಾತ್ರಗಳಲ್ಲಿ ತಾಳ್ಮೆ ಹುಡುಕಬಾರದು. ಮಹಿಳಾ ಸಹಾಯವಾಣಿ 181ಕ್ಕೆ, ತುರ್ತಿದ್ದರೆ 112ಕ್ಕೆ ಕರೆ ಮಾಡಬೇಕು.

ಪಾತ್ರದ ನೋವನ್ನೇ ಮೆಚ್ಚತೊಡಗುವುದು. ಒಂಟಿತನ, ಊಟ ಬಿಡುವುದು, ನಿದ್ದೆಗೆಡುವುದು ದೊಡ್ಡ ಗುಣಗಳಂತೆ ಕಾಣತೊಡಗಿದರೆ ಪುಸ್ತಕ ಬದಿಗಿಡಿ. ಮೈಸೂರಿನ ತ್ರಿವೇಣಿಯವರು ‘ಶರಪಂಜರ’ದಲ್ಲಿ ಕಾವೇರಿಯ ಕಥೆ ಹೇಳುತ್ತಾರೆ. ಬಾಣಂತನದ ನಂತರ ಮನಸ್ಸಿನ ಕಾಯಿಲೆ ಬಂದು, ಚಿಕಿತ್ಸೆಯಿಂದ ಗುಣವಾಗಿ ಮನೆಗೆ ಮರಳಿದವಳನ್ನು ಸುತ್ತಲಿನವರ ಅನುಮಾನದ ನೋಟವೇ ಮತ್ತೆ ಕೆಡವುತ್ತದೆ. ಅವಳಿಗೆ ಛಲ ಕಡಿಮೆಯಿತ್ತು ಎಂದು ಯಾರಾದರೂ ಹೇಳಲು ಸಾಧ್ಯವೇ? ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಬದುಕು ಸಾಕೆನ್ನಿಸಿದರೆ ರೂಢಿ, ಗೀಟು, ಗೂಟ ಎಲ್ಲ ಬಿಟ್ಟು ವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪಾತ್ರದ ಮಾತನ್ನು ಕೋಪಕ್ಕೆ, ಹಟಕ್ಕೆ ಸಮರ್ಥನೆಯಾಗಿ ಬಳಸುವುದು ಮೂರನೆಯದು. ದುರ್ಯೋಧನನ ಛಲ ಎಂದು ಹೇಳಿಕೊಂಡು ಅಣ್ಣತಮ್ಮಂದಿರ ಜಮೀನಿನ ವ್ಯಾಜ್ಯವನ್ನು ಕೋರ್ಟಿಗೆ ಎಳೆಯುವವರಿಗೆ ಇಡೀ ನಾಟಕವನ್ನು ಬೆಳಗಿನ ಜಾವದ ಕೊನೆಯ ಸೀನಿನ ತನಕ ಕೂತು ನೋಡಲು ಹೇಳಿ.

ಮಕ್ಕಳಿಗೆ ಮಾಡಿಸುವಾಗ

ಪಾತ್ರವನ್ನು ಮಗುವೇ ಆರಿಸಲಿ, ಅದು ಕಾರ್ಟೂನಿನದಾದರೂ ಪರವಾಗಿಲ್ಲ. "ಅವನು ಏನು ಮಾಡಿದ?" ಎಂದು ಕೇಳಿ, "ಅವನು ಎಂಥವನು?" ಎಂದು ಕೇಳಬೇಡಿ. ಕೆಲಸ ಎರಡು ನಿಮಿಷದ್ದಿರಲಿ: ಶಾಲೆಯಿಂದ ಬಂದ ತಕ್ಷಣ ಚಪ್ಪಲಿ ಗೂಡಿನಲ್ಲಿಡುವುದು, ಮಲಗುವ ಮೊದಲು ಚೀಲ ಜೋಡಿಸುವುದು. ಗೀಟನ್ನು ಮಗುವೇ ಹಾಕಲಿ. ಗೀಟಿಗೆ ಚಾಕೊಲೇಟು ಕೊಟ್ಟರೆ, ಚಾಕೊಲೇಟು ನಿಂತ ದಿನ ಕೆಲಸವೂ ನಿಲ್ಲುತ್ತದೆ.

ಎರಡನೇ ಪಾತ್ರಕ್ಕೆ ಹೋಗುವ ಹೊತ್ತು

ಕ್ಯಾಲೆಂಡರ್ ನೋಡದೆಯೂ ಎರಡು ವಾರ ಕೆಲಸ ತಾನಾಗಿ ನಡೆದರೆ ಮೊದಲನೆಯದು ಕೂತಿದೆ ಎಂದರ್ಥ. ಆಗ ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದು, ಅಲ್ಲಿ ಬರೆದಿಟ್ಟ ಎರಡನೇ ತೊಡಕನ್ನು ಓದಿ. ಅದು ಈಗಲೂ ಕಾಡುತ್ತಿದ್ದರೆ ಒಂದನೇ ಹಂತದಿಂದ ಮತ್ತೆ ಶುರು, ಹೊಸ ಗೂಟಕ್ಕೆ, ಬೇರೆ ಹೊತ್ತಿನಲ್ಲಿ. ಕಾಡುತ್ತಿಲ್ಲವಾದರೆ ಗೀಟು ಹೊಡೆದು, ಸದ್ಯಕ್ಕೆ ಯಾವ ಹೊಸ ರೂಢಿಯೂ ಇಲ್ಲದೆ ಒಂದು ಕಾದಂಬರಿಯನ್ನು ಸುಮ್ಮನೆ ಖುಷಿಗೆ ಓದಿ.